ಕರುಳಿನ ಕ್ಯಾನ್ಸರ್ ಲಿವರನ್ನು ತಾಗುವ ಗಡಿ: ಸಾಯುತ್ತಿರುವ ಜೀವಕೋಶವನ್ನು ಸ್ಲೈಡ್‌ನಲ್ಲಿ ಗುರುತಿಸುವುದು ಹೇಗೆ?

ಕರುಳಿನ ರಕ್ತ ಪೋರ್ಟಲ್ ರಕ್ತನಾಳದ ಮೂಲಕ ನೇರ ಲಿವರ್‌ಗೆ ಹೋಗುತ್ತದೆ. ಅದಕ್ಕೇ ದೊಡ್ಡ ಕರುಳಿನ ಕ್ಯಾನ್ಸರ್ ಹರಡಿದಾಗ ಹೆಚ್ಚಾಗಿ ಲಿವರ್‌ನಲ್ಲೇ ಬೇರೂರುತ್ತದೆ. ಗಡ್ಡೆ ಮತ್ತು ಲಿವರ್ ತಾಗುವ ಕಡೆ ಎರಡೂ ಬದಿಯ ಜೀವಕೋಶಗಳು ಸಾಯುತ್ತಿರುತ್ತವೆ. ಮಂಗಳೂರು, ಮಣಿಪಾಲ ಕಡೆ ಲ್ಯಾಬ್ ಕೆಲಸ ಕಲಿಯುವ ಮಕ್ಕಳು ಇದನ್ನು ನೋಡುವಾಗಲೇ ಜಾಸ್ತಿ ಎಡವುತ್ತಾರೆ.

1. ತುಂಡನ್ನು ಕೂಡಲೇ ಶೇ 10ರ ಬಫರ್ಡ್ ಫಾರ್ಮಲಿನ್‌ಗೆ ಹಾಕಿ. ತುಂಡಿನ ಹತ್ತು ಪಟ್ಟಾದರೂ ದ್ರವ ಇರಲಿ. ತಡವಾದರೆ ಲಿವರ್ ತಾನಾಗಿ ಕೆಡುತ್ತದೆ, ಆ ಸಾವು ಕ್ಯಾನ್ಸರ್‌ನದಲ್ಲ. ಬಫರ್ ಇಲ್ಲದ ಅಗ್ಗದ ಫಾರ್ಮಲಿನ್ ಬೇಡವೇ ಬೇಡ. ಅದು ಬಿಡುವ ಕಂದು ಚುಕ್ಕೆಗಳನ್ನು ಒಡೆದ ನ್ಯೂಕ್ಲಿಯಸ್ ಅಂತ ಎಣಿಸಿಬಿಡುತ್ತಾರೆ.

2. ಗಡ್ಡೆಯ ನಡುವಿನಿಂದ ಬ್ಲಾಕ್ (ಸ್ಲೈಡ್‌ಗೆ ಕತ್ತರಿಸುವ ಚಿಕ್ಕ ತುಂಡು) ತೆಗೆಯಬೇಡಿ. ಅಲ್ಲಿ ರಕ್ತ ಸಾಲದೆ ಎಲ್ಲ ಸತ್ತು ಮೆತ್ತಗಾಗಿರುತ್ತದೆ. ಗಡಿಗೆ ಅಡ್ಡವಾಗಿ ಕತ್ತರಿಸಿ. ಅರ್ಧ ಬಿಳಿ ಗಡ್ಡೆ, ಅರ್ಧ ಕಂದು ಲಿವರ್ ಬರಬೇಕು.

3. ಪ್ರೊಸೆಸಿಂಗ್, ವ್ಯಾಕ್ಸ್, 4 ಮೈಕ್ರಾನ್ ಸೆಕ್ಷನ್, ಹೆಚ್ ಅಂಡ್ ಇ (ಹೆಮಟಾಕ್ಸಿಲಿನ್, ಇಯೊಸಿನ್) ಬಣ್ಣ: ಎಂದಿನಂತೆ. ನಮ್ಮ ಮಳೆಗಾಲದಲ್ಲಿ ಆಲ್ಕೋಹಾಲ್ ಗಾಳಿಯ ನೀರು ಹೀರಿಕೊಳ್ಳುತ್ತದೆ. ಮುಚ್ಚಳ ಬಿಗಿಯಾಗಿರಲಿ, ಬೇಗ ಬೇಗ ಬದಲಿಸಿ.

4. ಈಗ ಕಷ್ಟದ ಕೆಲಸ. ಮೊದಲು ಕಡಿಮೆ ಪವರ್‌ನಲ್ಲಿ ಗಡಿಯ ಗೆರೆ ಹಿಡಿಯಿರಿ, ಆಮೇಲೆ 40ರ ಲೆನ್ಸ್‌ಗೆ ಹೋಗಿ. ಅಪೊಪ್ಟೋಸಿಸ್ (ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುವ ಸಾವು) ಆದ ಕೋಶ ಒಂಟಿ. ಕುಗ್ಗಿ, ಅಕ್ಕಪಕ್ಕದವುಗಳಿಂದ ಬಿಡಿಸಿಕೊಂಡು, ಗಾಢ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ನ್ಯೂಕ್ಲಿಯಸ್ ಕಪ್ಪು ಗುಂಡುಗಳಾಗಿ ಒಡೆದಿರುತ್ತದೆ. ಸುತ್ತ ಉರಿಯೂತ ಇರುವುದಿಲ್ಲ. ನೆಕ್ರೋಸಿಸ್‌ನಲ್ಲಿ (ರಕ್ತ ಸಾಲದೆ ಅಥವಾ ಪೆಟ್ಟಿನಿಂದ ಆಗುವ ಸಾವು) ಕೋಶಗಳು ಗುಂಪುಗುಂಪೇ ಊದಿ ಒಡೆದು, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಮುತ್ತಿರುತ್ತವೆ. ಕರುಳಿನ ಕ್ಯಾನ್ಸರ್‌ನ ಗ್ರಂಥಿಯೊಳಗೆ ಇಂಥ ಕೊಳಕು ತುಂಬಿರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗಡ್ಡೆ ಒತ್ತಿ ಚಪ್ಪಟೆಯಾದ ಲಿವರ್ ಕೋಶಗಳೂ ಸತ್ತವಲ್ಲ. ಕೆರ್, ವೈಲಿ, ಕರಿ ಎಂಬ ವಿಜ್ಞಾನಿಗಳು 1972ರಲ್ಲಿ ಒಂಟಿ ಕೋಶ ಕುಗ್ಗಿ ಸಾಯುವ ಬಗೆಗೆ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಕೆರ್ ಅದನ್ನು ಮೊದಲು ಕಂಡದ್ದೂ ಪೋರ್ಟಲ್ ರಕ್ತನಾಳದ ಕವಲು ಕಟ್ಟಿದ ಇಲಿಯ ಲಿವರ್‌ನಲ್ಲೇ!

5. ಅನುಮಾನ ಬಂದರೆ ಕ್ಲೀವ್ಡ್ ಕ್ಯಾಸ್ಪೇಸ್-3 (ಅಪೊಪ್ಟೋಸಿಸ್ ಆಗುವ ಕೋಶದಲ್ಲಿ ಕಾಣುವ ಪ್ರೋಟೀನ್) ಬಣ್ಣ ಮಾಡಿ. ಒಡೆದ ಡಿಎನ್‌ಎಗೆ ಗುರುತು ಹಾಕುವ ಟನೆಲ್ ಪರೀಕ್ಷೆ ಒಂದನ್ನೇ ನಂಬಬೇಡಿ, ಅದು ನೆಕ್ರೋಸಿಸ್ ಕೋಶಕ್ಕೂ ಹಿಡಿಯುತ್ತದೆ. ಬಣ್ಣ ಸರಿಯಾಗಿ ಹಿಡಿದಿದೆಯೇ ಎಂದು ನೋಡುವ ಕಂಟ್ರೋಲ್‌ಗೆ ಟಾನ್ಸಿಲ್ ಸ್ಲೈಡ್ ಜೊತೆಗೇ ಹಾಕಿ. ಸತ್ತದ್ದು ಯಾರ ಕೋಶ ಅಂತ ತಿಳಿಯಲು ಪಕ್ಕದ ಸೆಕ್ಷನ್‌ಗಳಲ್ಲಿ ಕರುಳಿನ ಕೋಶಕ್ಕೆ ಸಿಡಿಎಕ್ಸ್-2, ಲಿವರ್ ಕೋಶಕ್ಕೆ ಆರ್ಜಿನೇಸ್-1 ಎಂಬ ಗುರುತಿನ ಪ್ರೋಟೀನ್ ನೋಡಿ. ಎಣಿಕೆ ಬರೆಯುವಾಗ ಗಡ್ಡೆಯದ್ದು, ಲಿವರ್‌ದು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ.