ದಶಾಂಶದ ಚುಕ್ಕಿ ದಾರಿ ತಪ್ಪಿಸಿದ್ದು

ಉಪಗ್ರಹದ ಚಿತ್ರ ನೋಡಿ, ಮೀನು ಸಿಗಬಹುದು ಎಂದು ಆವತ್ತು ನಸುಕಿನಲ್ಲಿ ನಾನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಜಾಗ: 13.45 ಉತ್ತರ, 74.30 ಪೂರ್ವ. ಉಡುಪಿ ಜಿಲ್ಲೆಯ ಗಂಗೊಳ್ಳಿಯಲ್ಲಿ ಟ್ರಾಲ್ ಬೋಟಿನ ತಾಂಡೇಲರಾಗಿರುವ, ಅಂದರೆ ಬೋಟು ನಡೆಸುವ ಮಾವ ಅದನ್ನು ಜಿಪಿಎಸ್‌ಗೆ 13 ಡಿಗ್ರಿ 45 ಮಿನಿಟು ಅಂತ ಒತ್ತಿದರು. ಬೋಟಿನ ಜಿಪಿಎಸ್ ಮಾತಾಡುವುದೇ ಡಿಗ್ರಿ-ಮಿನಿಟಿನಲ್ಲಿ. ಒಂದು ಡಿಗ್ರಿಗೆ 60 ಮಿನಿಟು, ಹಾಗಾಗಿ ನನ್ನ 13.45 ಅಂದರೆ 13 ಡಿಗ್ರಿ 27 ಮಿನಿಟು. ಅಕ್ಷಾಂಶದ ಒಂದು ಮಿನಿಟಿಗೆ ಒಂದು ನಾಟಿಕಲ್ ಮೈಲು. ಉತ್ತರ-ದಕ್ಷಿಣದ ಲೆಕ್ಕವೊಂದರಲ್ಲೇ 18 ಮೈಲು, ಸುಮಾರು 33 ಕಿಲೋಮೀಟರ್ ತಪ್ಪು. ಗಂಗೊಳ್ಳಿಗೆ ನೈಋತ್ಯದಲ್ಲಿದ್ದ ಜಾಗ ವಾಯವ್ಯಕ್ಕೆ ಹೋಗಿ ಕೂತಿತ್ತು.

ಡೀಸೆಲ್ ಖರ್ಚಿನ ಮಾತು ಮಾವ ಎತ್ತಲೇ ಇಲ್ಲ. "ನಿನ್ ಸ್ಯಾಟಲೈಟಿಗೆ ಗಂಗೊಳ್ಳಿ ಯಾವ ಬದಿ ಅಂತ ಗೊತ್ತಿತ್ತಾ ಮಾರಾಯ?" ಎಂದರು, ಅಷ್ಟೇ.

ನನ್ನದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಇದು ಬಿಡುವಿನ ಹುಚ್ಚು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನು ಸಿಗಬಹುದಾದ ಜಾಗಗಳ ಸೂಚನೆಯನ್ನು ಕನ್ನಡದಲ್ಲೂ ಕೊಡುತ್ತದೆ. ಅದಕ್ಕೆ ಪೈಪೋಟಿ ಕೊಡುವ ಉದ್ದೇಶ ನನಗಿರಲಿಲ್ಲ. ಆ ಸೂಚನೆಯ ಹಿಂದಿನ ಚಿತ್ರವನ್ನೇ, ಅಂದರೆ ನೀರಿನ ಬಿಸಿ ಮತ್ತು ಬಣ್ಣವನ್ನು, ಮಾವನಂಥವರ ಕಣ್ಣಿಗೆ ತೋರಿಸಬೇಕು ಅನ್ನಿಸಿತ್ತು. ತಣ್ಣೀರು-ಬಿಸಿನೀರು ಕೂಡುವ ಗೆರೆಯಲ್ಲಿ ಸೂಕ್ಷ್ಮ ಪಾಚಿ ಬೆಳೆಯುತ್ತದೆ, ಅದರ ಬೆನ್ನಿಗೆ ಬೂತಾಯಿ, ಬಂಗುಡೆ ಬರುತ್ತವೆ. ಗೆರೆ ಕಂಡರೆ ಮುಂದಿನದನ್ನು ಅವರೇ ಊಹಿಸುತ್ತಾರೆ.

ಮಾಹಿತಿಗೆ ಬರವಿಲ್ಲ. 2002ರಲ್ಲಿ ಹಾರಿದ ನಾಸಾದ ಆಕ್ವಾ, ಯುರೋಪಿನ ಸೆಂಟಿನೆಲ್-3, 2022ರ ನವೆಂಬರಿನಲ್ಲಿ ಹಾರಿದ ನಮ್ಮದೇ ಇಒಎಸ್-06, ಎಲ್ಲವೂ ಕಡಲಿನ ಬಣ್ಣ ನೋಡುವ ಉಪಗ್ರಹಗಳು. ಶಾಖಕ್ಕೆ ನಾನು ಹಿಡಿದದ್ದು ನಾಸಾದ ಮ್ಯೂರ್ ಎಂಬ ದಿನವಹಿ ನಕಾಶೆ. ಇಡೀ ಭೂಮಿಯ ಒಂದು ದಿನದ ಕಡತ ನೂರಾರು ಎಂಬಿ. ಅದನ್ನು ಇಳಿಸುವ ಗೋಜೇ ಬೇಡ. ಅರ್ಡ್ಯಾಪ್ ಎಂಬ ಸರ್ವರ್ ವ್ಯವಸ್ಥೆಯಲ್ಲಿ ತಾರೀಖು, ಅಕ್ಷಾಂಶ, ರೇಖಾಂಶವನ್ನು ವೆಬ್ ವಿಳಾಸದಲ್ಲೇ ಬರೆದರೆ ಬೇಕಾದ ತುಂಡು ಮಾತ್ರ ಬರುತ್ತದೆ. 12ರಿಂದ 15 ಉತ್ತರ, 73ರಿಂದ 75 ಪೂರ್ವ ಅಂದರೆ 60 ಸಾವಿರ ಚುಕ್ಕಿ ಚಿಲ್ಲರೆ, ಹಳೇ ಲ್ಯಾಪ್‌ಟಾಪಿಗೆ ಸಲೀಸು. ಆಕ್ವಾ ಕಡತದಲ್ಲಿ ಅಕ್ಷಾಂಶ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತದೆ ಎಂದು ತಿಳಿಯದೆ 12ರಿಂದ 15 ಕೇಳಿ, ಖಾಲಿ ಉತ್ತರ ನೋಡುತ್ತಾ ಒಂದು ಸಂಜೆ ಕಳೆದೆ. 15ರಿಂದ 12 ಅಂತ ಕೇಳಬೇಕಿತ್ತು.

ಮೊದಲ ನಕಾಶೆಗೆ ಕಾಮನಬಿಲ್ಲಿನ ಬಣ್ಣ ಹಾಕಿದ್ದೆ, ಹಸಿರು ಹೆಚ್ಚಿರುವ ನೀರಿಗೆ ಕೆಂಪು. ಮಾವ ನೋಡಿ, "ಕೆಂಪ್ ಬಾವುಟ ಹಾಕಿರೆ ನಾವ್ ಬೋಟ್ ಇಳ್ಸುದಿಲ್ಲ, ನೀನ್ ಅಲ್ಲಿಗೇ ಹೋಗ್ ಅಂತಿಯಲ್ಲ" ಎಂದು ನಕ್ಕರು. ಅವತ್ತೇ ಕೆಂಪು ಕಿತ್ತು ಹಾಕಿದೆ. ಈಗ ತಿಳಿ ಹಸಿರಿನಿಂದ ಕಡು ಹಸಿರಿಗೆ ಹೋಗುತ್ತದೆ. ಒಂದು ಘನಮೀಟರ್ ನೀರಿಗೆ ಪಾಚಿಯ ಹರಿತ್ತು ಇಷ್ಟು ಮಿಲಿಗ್ರಾಂ ಎಂಬ ಪಟ್ಟಿಯೂ ಹೋಯಿತು. 'ತಿಳಿನೀರು', 'ಹಸಿರು ನೀರು' ಎಂದಷ್ಟೇ ಉಳಿಯಿತು.

ದಡದ ಹತ್ತಿರದ ಕಡು ಹಸಿರು ಮಾತ್ರ ಬಹಳ ಕಾಲ ಮೋಸ ಮಾಡಿತು. ಮಳೆ ಹೊಯ್ದ ಮೇಲೆ ಪಂಚಗಂಗಾವಳಿ ನದಿ ಕಡಲಿಗೆ ಕೆಂಪು ನೀರು ತಳ್ಳುತ್ತದೆ. ಆ ಮಣ್ಣನ್ನು, ಕೊಳೆತ ಎಲೆಯ ರಸವನ್ನು ಉಪಗ್ರಹದ ಲೆಕ್ಕ ಪಾಚಿ ಎಂದೇ ಓದುತ್ತದೆ. ಅಳಿವೆಯ ಆಸುಪಾಸನ್ನು ಈಗ ನಾನು ಮುಚ್ಚಿಬಿಡುತ್ತೇನೆ.

ಮೋಡದ್ದು ಇನ್ನೊಂದು ಕತೆ. ಮಳೆಗಾಲದಲ್ಲಿ ಆಳದ ತಣ್ಣೀರು ಮೇಲೆದ್ದು ಕಡಲು ಹಸಿರಾಗುವ ಹೊತ್ತಿಗೇ ಬಣ್ಣ ನೋಡುವ ಉಪಗ್ರಹಕ್ಕೆ ಏನೂ ಕಾಣುವುದಿಲ್ಲ. ಶಾಖದ ನಕಾಶೆ ಮಾತ್ರ ತುಂಬಿಕೊಂಡೇ ಬರುತ್ತದೆ, ಏಕೆಂದರೆ ಮ್ಯೂರ್ ಬೇರೆ ಬೇರೆ ಉಪಗ್ರಹಗಳನ್ನು ಬೆರೆಸಿ ಖಾಲಿ ಜಾಗವನ್ನು ಅಂದಾಜಿನಲ್ಲಿ ತುಂಬುತ್ತದೆ. ಅದೇ ಕಡತದಲ್ಲಿ ತಪ್ಪಿನ ಅಂದಾಜೂ ಇರುತ್ತದೆ. ಅದನ್ನು ಬಿಟ್ಟು ಚಂದದ ಚಿತ್ರವೊಂದನ್ನೇ ಕಳಿಸುವುದು ನನ್ನ ಮಟ್ಟಿಗೆ ಸುಳ್ಳು ಹೇಳಿದ ಹಾಗೆ. ತಪ್ಪು ಹೆಚ್ಚಿರುವಲ್ಲಿ ಅಡ್ಡಗೆರೆ ಎಳೆಯುತ್ತೇನೆ. ಜೂನ್-ಜುಲೈಯ ಮೀನುಗಾರಿಕೆ ನಿಷೇಧ ಮುಗಿದ ಮೊದಲ ವಾರ ನಾನು ಕಳಿಸಿದ ಬಣ್ಣದ ನಕಾಶೆ ಮುಕ್ಕಾಲು ಪಾಲು ಬೂದು. "ನೆಟ್ ಇರ್ಲಿಲ್ಯಾ?" ಎಂದು ಒಬ್ಬರು ಕೇಳಿದರು. ಅಂದಿನಿಂದ ಮೇಲ್ಗಡೆ ದಪ್ಪಕ್ಷರದಲ್ಲಿ 'ಬೂದು ಅಂದರೆ ಮೋಡ' ಮತ್ತು 'ಈ ಚಿತ್ರ ಇಷ್ಟು ದಿನ ಹಳೇದು' ಎಂಬ ಎರಡು ಸಾಲು.

ದಾರಿ ತಪ್ಪಿದ ಮೇಲೆ ಜಾಗ ಹೇಳುವ ರೀತಿಯನ್ನೇ ಬದಲಿಸಿದೆ. ಇನ್‌ಕಾಯಿಸ್ ಸೂಚನೆಯಲ್ಲಿ ಬಂದರಿನಿಂದ ದಿಕ್ಕು, ದೂರ, ಆಳ ಮೊದಲಿನಿಂದಲೂ ಇದ್ದವು. ಅದು ಯಾಕೆ ಹಾಗಿದೆ ಎಂದು ನನಗೆ ತಡವಾಗಿ ಹೊಳೆಯಿತು. ಈಗ ನನ್ನ ಸಂದೇಶ ಹೀಗೆ: 'ಗಂಗೊಳ್ಳಿ ಅಳಿವೆಯಿಂದ ನೈಋತ್ಯ, 242 ಡಿಗ್ರಿ, 24 ನಾಟಿಕಲ್ ಮೈಲು. 13 ಡಿಗ್ರಿ 27 ಮಿನಿಟು ಉತ್ತರ, 74 ಡಿಗ್ರಿ 18 ಮಿನಿಟು ಪೂರ್ವ.' ಕೆಳಗೆ ಆಳ, ಮೀಟರಿನಲ್ಲಿ ಅಲ್ಲ, ಮಾರಿನಲ್ಲಿ. ಚಿತ್ರ ಕೊನೆಗೆ, ಸಿಗ್ನಲ್ ಇದ್ದವರಿಗೆ. ಅಲೆ, ಗಾಳಿಯ ವಿಷಯ ನಾನು ಮುಟ್ಟುವುದಿಲ್ಲ. ಅದಕ್ಕೆ ಇನ್‌ಕಾಯಿಸ್ ಎಚ್ಚರಿಕೆಯನ್ನೇ ನೋಡಿ ಎಂದು ಬರೆದಿರುತ್ತೇನೆ.

ಹೋದ ಹಂಗಾಮಿನಿಂದ ಮಾವ ಕಡಲಿನಿಂದ ಬಂದ ಮೇಲೆ ದನಿ ಸಂದೇಶ ಹಾಕುತ್ತಾರೆ: ನೀರಿನ ಬಣ್ಣ, ಎಷ್ಟು ಮಾರಿನಲ್ಲಿ ಬಲೆ ಬಿಟ್ಟದ್ದು, ಸಿಕ್ಕಿದ್ದೇನು. ಅದನ್ನು ಆ ದಿನದ ಚಿತ್ರದ ಪಕ್ಕ ಬರೆದಿಡುತ್ತೇನೆ. ಮೊನ್ನೆ ಬಂದದ್ದು, "ನೀನ್ ಹಸ್ರು ಹೇಳಿದ್ ಜಾಗದಲ್ಲಿ ನೀರ್ ತಿಳಿ. ಎರಡ್ ಮೈಲು ಆಚೆ ಹಸ್ರು." ನನ್ನ ಚಿತ್ರ ಅವತ್ತಿಗೆ ಮೂರು ದಿನ ಹಳೇದಾಗಿತ್ತು.