ಸ್ಪೀಕರ್ ವೈರ್ ಎಲ್ಲಿಗೆ ಚುಚ್ಚಬೇಕು? ನಾನು ಆರಿಸಿದ್ದು ಹೀಗೆ

ನನ್ನ ಡೆಸ್ಕ್‌ಟಾಪ್‌ನ ಹಿಂಬದಿಯಲ್ಲಿ ಸೌಂಡ್ ಹೊರಬರೋಕೆ ನಾಲ್ಕು ದಾರಿಗಳಿವೆ: ಹಸಿರು 3.5 ಎಂಎಂ ಜ್ಯಾಕ್, ಆಪ್ಟಿಕಲ್, ಯುಎಸ್‌ಬಿ, ಗ್ರಾಫಿಕ್ಸ್ ಕಾರ್ಡ್‌ನ ಎಚ್‌ಡಿಎಂಐ. ಆರಿಸುವಾಗ ನಾನು ಮೊದಲು ನೋಡುವುದು, ಡಿಜಿಟಲ್ ಸಿಗ್ನಲ್ (ಅಂಕಿಗಳ ರೂಪದ ಸೌಂಡ್) ಅನಲಾಗ್ (ಸ್ಪೀಕರ್ ನುಡಿಸಬಲ್ಲ ವಿದ್ಯುತ್ ಅಲೆ) ಆಗುವುದು ಎಲ್ಲಿ ಅಂತ. ಸಿಪಿಯು ಡಬ್ಬದ ಒಳಗೋ, ಹೊರಗೋ?

ಹಸಿರು ಜ್ಯಾಕ್ ಆದರೆ ಆ ಕೆಲಸ ಮದರ್‌ಬೋರ್ಡ್ ಮೇಲೇ ಮುಗಿದಿರುತ್ತದೆ. ಅದಕ್ಕೆ ಪವರ್ಡ್ ಸ್ಪೀಕರ್ (ಒಳಗೇ ಆಂಪ್ಲಿಫೈಯರ್ ಇರುವುದು) ಹಾಕಿದಾಗ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಹಾಡು ನಿಲ್ಲಿಸಿದರಂತೂ ಅದೇ ಕೇಳುತ್ತಿತ್ತು. ಮೌಸ್‌ನಲ್ಲಿ ಪುಟ ಸರಿಸಿದರೆ ಜೊತೆಗೆ ಚಿರ್‌ಚಿರ್. ಗೇಮ್ ತೆರೆದರೆ ಇನ್ನೂ ಜಾಸ್ತಿ. ಅದೇ ವೈರನ್ನು ಪಿಸಿಯಿಂದ ಕಿತ್ತು ಫೋನಿಗೆ ಚುಚ್ಚಿದೆ. ಎಲ್ಲ ತಣ್ಣಗಾಯಿತು. ಅಂದರೆ ಸ್ಪೀಕರ್ ಸರಿಯಿದೆ.

ಸ್ಪೀಕರ್‌ಗೂ ಪಿಸಿಗೂ ಬೇರೆ ಬೇರೆ ಕಡೆ ಅರ್ತಿಂಗ್ ಇದ್ದು, ನಡುವೆ ಆಡಿಯೋ ವೈರೂ ಸೇರಿದರೆ ಒಂದು ಸುತ್ತು ಆಗಿಬಿಡುತ್ತದೆ. ಇದೇ ಗ್ರೌಂಡ್ ಲೂಪ್, ಗುಂಯ್ ಬರುವುದು ಇದರಿಂದ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದಾಗ ಗುಂಯ್ ಕಡಿಮೆಯಾಯಿತು, ಚಿರ್‌ಚಿರ್ ಹೋಗಲಿಲ್ಲ, ಅದು ಪಿಸಿ ಒಳಗಿನ ವಿದ್ಯುತ್ ಗದ್ದಲ. ಕ್ಯಾಬಿನೆಟ್‌ನ ಮುಂಭಾಗದಲ್ಲಿರುವ ಜ್ಯಾಕ್ ಇನ್ನೂ ಕೆಟ್ಟದಾಗಿತ್ತು. ಅದರ ವೈರ್ ಕ್ಯಾಬಿನೆಟ್ ಒಳಗೆ ಗ್ರಾಫಿಕ್ಸ್ ಕಾರ್ಡ್ ಪಕ್ಕದಲ್ಲೇ ಹಾದುಬರುತ್ತದೆ, ಅಲ್ವಾ?

ಆಮೇಲೆ ಆಪ್ಟಿಕಲ್‌ಗೆ ಬಂದೆ. ಕೇಬಲ್ ತುದಿಯ ಪುಟ್ಟ ಮುಚ್ಚಳ ತೆಗೆದು ಒಂದು ಕಡೆ ಚುಚ್ಚಿದರೆ ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು ಕಾಣುತ್ತದೆ. ಹೋಗುವುದು ಬರೀ ಬೆಳಕು, ತಾಮ್ರದ ನಂಟೇ ಇಲ್ಲ. ಹಾಗಾಗಿ ಲೂಪ್ ಅಲ್ಲೇ ಕಡಿಯಿತು. ಅನಲಾಗ್ ಆಗುವುದೂ ಸ್ಪೀಕರ್ ಒಳಗೆ, ಆದ್ದರಿಂದ ಚಿರ್‌ಚಿರ್ ಕೂಡ ಮಾಯ. ಆದರೆ ಕೇಬಲ್ಲನ್ನು ಗೋಡೆಗೆ ಒತ್ತಿ ಮಡಚಬಾರದು. ಸ್ಪೀಕರ್‌ನಲ್ಲಿ ಆಪ್ಟಿಕಲ್ ಇನ್‌ಪುಟ್ ಇಲ್ಲದಿದ್ದರೆ ನಡುವೆ ಒಂದು ಡ್ಯಾಕ್ (ಡಿಜಿಟಲ್ ಅನ್ನು ಅನಲಾಗ್ ಮಾಡುವ ಪುಟ್ಟ ಸಾಧನ) ಬೇಕು.

ಆಪ್ಟಿಕಲ್‌ಗೂ ಒಂದು ಮಿತಿಯಿದೆ. ಕಂಪ್ರೆಸ್ ಆಗದ ಸೌಂಡ್ ಎರಡು ಚಾನಲ್ ಮಾತ್ರ ಹೋಗುತ್ತದೆ. 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್‌ನ ಸರೌಂಡ್ ಸೌಂಡ್) ಬೇಕಂದರೆ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ರೂಪದಲ್ಲಿ ಕುಗ್ಗಿಸಿಯೇ ಕಳಿಸಬೇಕು. ಎಷ್ಟೋ ಸಿನಿಮಾಗಳಲ್ಲಿ ಅದು ಮೊದಲೇ ಆ ರೂಪದಲ್ಲಿರುತ್ತದೆ. ಗೇಮ್‌ನ 5.1ಗೆ ಮಾತ್ರ ಆಡುವಾಗಲೇ ಎನ್‌ಕೋಡ್ ಮಾಡುವ ಸೌಲಭ್ಯ ಬೇಕು, ಎಲ್ಲ ಬೋರ್ಡ್‌ನಲ್ಲೂ ಅದಿಲ್ಲ. ಅದಕ್ಕೇ ಎವಿ ರಿಸೀವರ್‌ಗೆ (ಹಲವು ಸ್ಪೀಕರ್ ನಡೆಸುವ ಆಂಪ್ಲಿಫೈಯರ್ ಪೆಟ್ಟಿಗೆ) ನಾನು ಎಚ್‌ಡಿಎಂಐ ಎಳೆದಿದ್ದೇನೆ, ಅದರಲ್ಲಿ ಕುಗ್ಗಿಸದ 8 ಚಾನಲ್ ಹೋಗುತ್ತವೆ.

ಹೆಡ್‌ಫೋನ್‌ಗೆ ಯುಎಸ್‌ಬಿ ಡ್ಯಾಕ್. ಯುಎಸ್‌ಬಿಯಲ್ಲೂ ತಾಮ್ರ ಇದೆ, ಆದರೆ ಹೆಡ್‌ಫೋನ್‌ಗೆ ಬೇರೆ ಅರ್ತಿಂಗ್ ಇಲ್ಲದ್ದರಿಂದ ಲೂಪ್ ಆಗುವುದಿಲ್ಲ. ಬ್ಲೂಟೂತ್ ಹಾಡಿಗೆ ಓಕೆ. ವಿಡಿಯೋ ಎಡಿಟಿಂಗ್‌ಗೆ ಬೇಡ, ಸೌಂಡ್ ತಡವಾಗಿ ಬರುತ್ತದೆ: ತುಟಿ ಒಂದು ಕಡೆ, ಮಾತು ಒಂದು ಕಡೆ.

ಇಷ್ಟೆಲ್ಲ ಜೋಡಿಸಿದ ಮೇಲೆ ಒಂದು ಕಿರಿಕಿರಿ ಉಳಿಯಿತು. ಮಾನಿಟರ್ ಆನ್ ಆದಾಗಲೆಲ್ಲ ವಿಂಡೋಸ್ ಸೌಂಡನ್ನು ಸುಮ್ನೆ ಅದರ ಕಡೆ ತಿರುಗಿಸುತ್ತಿತ್ತು. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಮಾನಿಟರ್‌ನ ಔಟ್‌ಪುಟ್ ಡಿಸೇಬಲ್ ಮಾಡಿಟ್ಟಿದ್ದೇನೆ.