ಹಳೇ ಜೀಪು ಬಿಸಿಯಾಗ್ತಿದ್ರೆ ಮೊದಲು ಇವನ್ನು ನೋಡಿ

ಘಾಟಿ, ಕಾಫಿ ತೋಟದ ದಾರಿಯಲ್ಲಿ ಓಡುವ ಹಳೇ ಮಹೀಂದ್ರ ಡೀಸೆಲ್ ಜೀಪು ಬಿಸಿಯಾದ ಕೂಡಲೇ ಹೊಸ ರೇಡಿಯೇಟರ್ ತರಲು ಹೊರಡಬೇಡಿ. ಯಾವಾಗ ಬಿಸಿಯಾಗುತ್ತದೆ ಎಂದು ಗಮನಿಸಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಫಸ್ಟ್ ಗೇರಿನಲ್ಲಿ ನಿಧಾನ ಹತ್ತುವಾಗ ಮಾತ್ರ ಟೆಂಪರೇಚರ್ ಮುಳ್ಳು ಮೇಲೇರಿದರೆ ಸಾಮಾನ್ಯವಾಗಿ ಗಾಳಿ ಸಾಲುತ್ತಿಲ್ಲ ಎಂದರ್ಥ. ಫ್ಯಾನ್ ಬೆಲ್ಟನ್ನು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಿ. 10–12 ಮಿಲಿಮೀಟರ್‌ಗಿಂತ ಹೆಚ್ಚು ಬಗ್ಗಿದರೆ ಬಿಗಿ ಮಾಡಿ. ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟಿನಿಂದ. ರೇಡಿಯೇಟರಿನ ಸಂದಿಗಳಲ್ಲಿ ಕೂತ ಕೆಸರು, ಹುಲ್ಲಿನ ಬೀಜವನ್ನು ಇಂಜಿನ್ ಕಡೆಯಿಂದ ಹೊರಕ್ಕೆ ಸಣ್ಣ ಒತ್ತಡದ ನೀರಿನಲ್ಲಿ ತೊಳೆಯಿರಿ. ಜೋರು ಪ್ರೆಷರ್ ಬಿಟ್ಟರೆ ಫಿನ್‌ಗಳು (ರೇಡಿಯೇಟರಿನ ತೆಳು ಲೋಹದ ಪಟ್ಟಿಗಳು) ಮಡಚಿಹೋಗುತ್ತವೆ. ಫ್ಯಾನಿನ ಸುತ್ತಲಿನ ಕವಚ, ಅಂದರೆ ಶ್ರೌಡ್, ಕಿತ್ತುಹಾಕಿದ್ದರೆ ದಯವಿಟ್ಟು ಮತ್ತೆ ಹಾಕಿಸಿ.

ಹೈವೇಯಲ್ಲಿ ಬಿಸಿಯಾದರೆ ನೀರಿನ ಹರಿವು ನೋಡಿ. ವರ್ಷಗಟ್ಟಲೆ ಬಾವಿ ನೀರು ಹಾಕಿದ್ದರೆ ಒಳಕೊಳವೆಗಳಲ್ಲಿ ಸುಣ್ಣ ಕಟ್ಟಿರುತ್ತದೆ. ರೇಡಿಯೇಟರಿನ ಕೆಳಗಿನ ಹೋಸ್ ಮೆತ್ತಗಾಗಿದ್ದರೆ ಪಂಪಿನ ಎಳೆತಕ್ಕೆ ಚಪ್ಪಟೆಯಾಗುತ್ತದೆ. ಇನ್ನೊಬ್ಬರಿಂದ ಆಕ್ಸಿಲರೇಟರ್ ಒತ್ತಿಸಿ ಕಣ್ಣಾರೆ ನೋಡಬಹುದು. ಥರ್ಮೋಸ್ಟಾಟ್ (ಇಂಜಿನ್ ಕಾದಾಗ ನೀರಿಗೆ ದಾರಿ ಬಿಡುವ ವಾಲ್ವ್) ಬಿಚ್ಚಿ ಬಿಸಿನೀರಿನಲ್ಲಿಟ್ಟು, ಅದರ ಮೇಲೆ ಕೊರೆದ ಡಿಗ್ರಿಯ ಆಸುಪಾಸಿನಲ್ಲಿ ತೆರೆಯುತ್ತದೆಯೇ ಪರೀಕ್ಷಿಸಿ. ತೆರೆಯದಿದ್ದರೆ ಹೊಸದು ಹಾಕಿ, ಜಾಗ ಖಾಲಿ ಬಿಡಬೇಡಿ.

ತುಂಬುವಾಗ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ. ಎಲ್ಲ ಸರಿಯಿದ್ದೂ ರೇಡಿಯೇಟರಿನಲ್ಲಿ ಗುಳ್ಳೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಅನುಮಾನಿಸಿ.

ದಾರಿಯಲ್ಲಿ ಕುದಿದರೆ ಅರ್ಧ ಗಂಟೆಯಾದರೂ ಕಾಯದೆ ಕ್ಯಾಪ್ ಮುಟ್ಟಬೇಡಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.